ಚಿಕ್ಕ ಲೆನ್ಸ್, ದೊಡ್ಡ ಗೊಮ್ಮಟ

ಪ್ರವಾಸ ಹೊರಟವರ ಕ್ಯಾಮೆರಾ ಚೀಲದಲ್ಲಿ ಎಷ್ಟು ಲೆನ್ಸ್‌ಗಳಿರಬೇಕು? ಹಾಸನ ಸೀಮೆಯ ಸುತ್ತಾಟಕ್ಕಾದರೆ ಅಂಗೈಯಲ್ಲಿ ಹಿಡಿಸುವಂಥ ಎರಡು ಸಾಕು. ಆದರೆ ಯಾವ ಎರಡು ಎಂಬುದನ್ನು ಹೋಗುವ ಸ್ಥಳವೇ ಹೇಳಬೇಕು.

ಛಾಯಾಗ್ರಹಣ ಈ ಜಿಲ್ಲೆಗೆ ಕಾಲಿಟ್ಟಾಗ ಇಂಥ ಆಯ್ಕೆ ಇರಲಿಲ್ಲ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಹಳೇಬೀಡು ದೇಗುಲದ 56 ಚಿತ್ರಗಳ ಸಂಪುಟ ಲಂಡನ್ನಿನಲ್ಲಿ ಪ್ರಕಟವಾದದ್ದು 1859ರಲ್ಲಿ. ಆಗ ಕ್ಯಾಮೆರಾ ಎಂದರೆ ಮುಕ್ಕಾಲಿಯ ಮೇಲೆ ನಿಲ್ಲಿಸುವ ಮರದ ಪೆಟ್ಟಿಗೆ. 1925ರಲ್ಲಿ ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಅದರ 50 ಮಿ.ಮೀ. ಲೆನ್ಸನ್ನು ಒಳಕ್ಕೆ ತಳ್ಳಿದರೆ ಕ್ಯಾಮೆರಾ ಕೋಟಿನ ಜೇಬಿಗೆ ಇಳಿಯುತ್ತಿತ್ತು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹಗುರ ಲೆನ್ಸಿನ ಬೆಲೆ ತಿಳಿಯುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತುವಾಗ ಹೆಗಲ ಭಾರ ಕಾಲಿಗೆ ಇಳಿಯುತ್ತದೆ. ಮೇಲೆ ನಿಂತಿರುವ ಗೊಮ್ಮಟನ ಎತ್ತರ ಸುಮಾರು 17.5 ಮೀಟರ್. 36x24 ಮಿ.ಮೀ. ಸೆನ್ಸರಿನ ಕ್ಯಾಮೆರಾವನ್ನು ಉದ್ದುದ್ದ ಹಿಡಿದು ಇಡೀ ಮೂರ್ತಿಯನ್ನು ಚೌಕಟ್ಟಿಗೆ ತರಲು 50 ಮಿ.ಮೀ. ಲೆನ್ಸಿಗೆ ಸುಮಾರು 24 ಮೀಟರ್ ದೂರ ಬೇಕು. 35 ಮಿ.ಮೀ.ಗೆ 17, 28 ಮಿ.ಮೀ.ಗೆ 14 ಮೀಟರ್ ಸಾಕು. ಸುತ್ತ ಪೌಳಿ, ಮುಂದೆ ಭಕ್ತರ ಸಾಲು. ಹಿಂದೆ ಸರಿಯಲು ಜಾಗ ಕಡಿಮೆಯಿರುವ ಇಂಥ ಕಡೆ 28ರ ಲೆನ್ಸೇ ಆಸರೆ. ಹತ್ತಿರದಿಂದ ಮೇಲಕ್ಕೆ ಬಾಗಿಸಿ ತೆಗೆದರೆ ಪಾದ ದೊಡ್ಡದಾಗಿ, ತಲೆ ಚಿಕ್ಕದಾಗಿ ಕಾಣುವ ದೋಷವನ್ನು ಮಾತ್ರ ಒಪ್ಪಿಕೊಳ್ಳಬೇಕು.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಲೆಕ್ಕ ಬೇರೆ. 1246ರ ಲಕ್ಷ್ಮೀನರಸಿಂಹ ದೇಗುಲದ ಹೊರಗೋಡೆಯಲ್ಲಿ ಮಲ್ಲಿತಮ್ಮ, ಬೈಚೋಜರು ಕಡೆದ ವಿಗ್ರಹಗಳಿವೆ. ಒಂದೊಂದನ್ನೇ ಆಕಾರ ಕೆಡದಂತೆ ತೆಗೆಯಲು 50ರ ಲೆನ್ಸ್ ಹೇಳಿ ಮಾಡಿಸಿದ್ದು.

ಒಂದೇ ಜೂಮ್ ಲೆನ್ಸ್ ಸಾಲದೇ ಎಂಬ ಪ್ರಶ್ನೆ ಸಹಜ. ಬಿಸಿಲಲ್ಲಿ ಸಾಕು. ಆದರೆ ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಂಥ ಕಡೆ ಒಳಗೆ ಬೆಳಕು ಕಡಿಮೆ. ಎಫ್/4ಕ್ಕಿಂತ ಎಫ್/2 ಲೆನ್ಸ್ ನಾಲ್ಕು ಪಟ್ಟು ಬೆಳಕು ಬಿಟ್ಟುಕೊಡುತ್ತದೆ. ಕೈ ನಡುಗಿದರೂ ಚಿತ್ರ ಕೆಡುವ ಭಯ ಕಡಿಮೆ. ಚಿಕ್ಕ ಗಾತ್ರದ ಜೂಮ್‌ಗಳಲ್ಲಿ ಈ ಅನುಕೂಲ ಅಪರೂಪ. ಒಳಗೆ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳುವುದು ಮಾತ್ರ ಅಗತ್ಯ.

ಹೊಳೆನರಸೀಪುರದಲ್ಲಿ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ. ಹೊಳೆಯ ದಡದ ಜನರನ್ನು ದೂರದಿಂದಲೇ ಸೆಳೆದು ತರುವ ಉದ್ದನೆಯ ಲೆನ್ಸ್ ಬೇಡವೇ? ಬೇಡ. 50ರ ಲೆನ್ಸ್ ಹಿಡಿದವರು ಹತ್ತಿರ ಹೋಗಲೇಬೇಕು, ಮಾತನಾಡಿಸಲೇಬೇಕು. ಸ್ನಾನಕ್ಕೆ, ಪಿತೃಕಾರ್ಯಕ್ಕೆ ಬಂದವರ ಚಿತ್ರ ಅವರ ಒಪ್ಪಿಗೆಯಿಂದಲೇ ಸಿಗುವುದು ಒಳ್ಳೆಯದು.

ಚಿಕ್ಕ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇದ್ದವರು 28ರ ಬದಲು 18, 50ರ ಬದಲು 35 ಎಂದು ಓದಿಕೊಳ್ಳಬೇಕು. ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಅದರ ಮುಖ್ಯ ಲೆನ್ಸೇ ಸಾಮಾನ್ಯವಾಗಿ 28ರ ಆಸುಪಾಸಿನ ನೋಟ ಕೊಡುತ್ತದೆ. ಆಗ ಚೀಲಕ್ಕೆ 50ರದೊಂದೇ ಸಾಕು.