ಸ್ಟಾರ್ಟರ್ ಮೋಟರ್ ಹಿಂದೆ ಉಳಿದಿದ್ದ ಬಣ್ಣ

ನ್ಯೂ ಟೌನ್‌ನ ಒಂದು ಶೆಡ್‌ನಲ್ಲಿ ನಮ್ಮ ಗೆಳೆಯನ ಅಜ್ಜನ ಮಹೀಂದ್ರ ಪೆಟ್ರೋಲ್ ಜೀಪ್ ಎಷ್ಟೋ ವರ್ಷದಿಂದ ನಿಂತಿತ್ತು. ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಅದನ್ನ ರೆಡಿ ಮಾಡೋಣ ಅಂತ ಹೊರಟೆವು. ಅಜ್ಜ ಕೇಳಿದ್ದು ಒಂದೇ: "ನಾನು ತಂದಾಗ ಹೆಂಗಿತ್ತೋ ಹಂಗೇ ಮಾಡ್ರಪ್ಪ." ಬಾಡಿಗೆ ಹಳೇ ಮದುವೆ ಫೋಟೋ ಇತ್ತು. ಆದರೆ ಬಾನೆಟ್ ತೆಗೆದು ಇಂಜಿನ್ ಫೋಟೋ ಯಾರು ಹೊಡೆಸಿಕೊಳ್ತಾರೆ? ನಮ್ಮ ಕಣ್ಣಿಗೆ ಕಂಡಿದ್ದು ಬರೀ ಸಿಲ್ವರ್ ಪೇಂಟ್.

ಮೊದಲು ನಮ್ಮ ತಪ್ಪು ಹೇಳಿಬಿಡ್ತೀವಿ. ವಾಲ್ವ್ ಕವರ್, ಆಯಿಲ್ ಸಂಪ್ ಎರಡನ್ನೂ ಬಿಚ್ಚಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದೆವು. ಹೊಸ ಪಾತ್ರೆ ಥರ ಹೊಳೆಯುತ್ತಾ ಬಂದವು. ಅವುಗಳ ಮೇಲೆ ಎಷ್ಟು ಪದರ ಪೇಂಟ್ ಇತ್ತು, ಕೆಳಗಿನದು ಯಾವುದು ಅನ್ನೋ ಸಾಕ್ಷಿಯೆಲ್ಲ ಮರಳಿನ ಜೊತೆಗೇ ಹೋಯ್ತು. ಬ್ಲಾಕ್ ಇನ್ನೂ ಜೀಪಲ್ಲೇ ಇದ್ದಿದ್ದರಿಂದ ಬಚಾವಾದೆವು.

"ಇಂಜಿನ್ ಹೆಸರು ಹಾಕಿ ಹುಡುಕಿದರೆ ಬಣ್ಣ ಸಿಗುತ್ತೆ" ಅಂದುಕೊಂಡಿದ್ದೆವು. ಕೆಲವು ಕಂಪನಿಗಳ ಮಟ್ಟಿಗೆ ಅದು ನಿಜ. ಹಳೇ ಷೆವರ್ಲೆ ವಿ8 ಅಂದ್ರೆ ಕಿತ್ತಳೆ, ಅಮೆರಿಕದ ಫೋರ್ಡ್ 1966ರಿಂದ ನೀಲಿ. ಜೀಪ್ ಕಥೆ ಬೇರೆ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಒಂದೇ ವಿನ್ಯಾಸದ ಜೀಪ್, ಒಂದೇ ವಿನ್ಯಾಸದ ಇಂಜಿನ್ ಮಾಡಿದವು. ಆದರೆ ವಿಲ್ಲಿಸ್ ಇಂಜಿನ್‌ಗೆ ಆಲಿವ್ ಹಸಿರು, ಫೋರ್ಡ್‌ದಕ್ಕೆ ಬೂದು. ನಮ್ಮ ಅಂಬಾಸಿಡರ್‌ನಲ್ಲಿದ್ದ 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಕುಟುಂಬದ ಇಂಜಿನ್ ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಲ್ಲೂ ಇತ್ತು. ಅಲ್ಲಿ ಅದಕ್ಕೆ ಮರೂನ್ ಬಣ್ಣ. ಅದನ್ನ ನೋಡಿಕೊಂಡು ಅಂಬಾಸಿಡರ್ ಇಂಜಿನ್‌ಗೂ ಮರೂನ್ ಹೊಡೆದರೆ ಕೆಲಸ ಕೆಟ್ಟಂತೆ.

ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಈ ಇಂಜಿನ್ ಈ ಗಾಡಿದೇನಾ? ಮಲೆನಾಡಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸೋದು ಮಾಮೂಲಿ. ಬ್ಲಾಕ್ ಮೇಲೆ ಒತ್ತಿರೋ ನಂಬರ್‌ನ ಆರ್‌ಸಿ ಜೊತೆ ಹೋಲಿಸಿ ನೋಡಿ. ನಮ್ಮದು ತಾಳೆ ಆಯ್ತು.

ಇನ್ನು ಹುಡುಕೋದು ಎಲ್ಲಿ? ಬ್ರಷ್ ಹೋಗದ ಜಾಗದಲ್ಲಿ. ಹಳೇ ಪೇಂಟರ್‌ಗಳು ಇಂಜಿನ್ ಇಳಿಸದೆ, ಕೈಗೆ ಸಿಕ್ಕಿದಷ್ಟಕ್ಕೆ ಮಾತ್ರ ಬಣ್ಣ ಬಳಿದಿರ್ತಾರೆ. ಸ್ಟಾರ್ಟರ್ ಮೋಟರ್ ಹಿಂದೆ, ಡೈನಮೋ ಬ್ರಾಕೆಟ್ ಕೆಳಗೆ, ಇಂಜಿನ್ ಮೌಂಟಿಂಗ್ ಸಂದಿಯಲ್ಲಿ ಹಳೇದು ಉಳಿದಿರುತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ನೋಡಿ ಪ್ರಯೋಜನ ಇಲ್ಲ, ಅಲ್ಲಿ ಬಣ್ಣ ಬಿಸಿಗೆ ಸುಟ್ಟು ಬೇರೆಯೇ ಆಗಿರುತ್ತೆ. ಜಿಡ್ಡನ್ನ ಸೀಮೆಎಣ್ಣೆಯಲ್ಲಿ ಒರೆಸಿ, ಥಿನ್ನರ್ ಮುಟ್ಟಿಸಬೇಡಿ. ಥಿನ್ನರ್ ಪೇಂಟನ್ನೇ ಎಬ್ಬಿಸುತ್ತೆ.

ಸ್ಟಾರ್ಟರ್ ಬಿಚ್ಚಿದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನ ನಾವು 400, ಆಮೇಲೆ 800, ಕೊನೆಗೆ 1200 ನಂಬರ್ ವಾಟರ್ ಪೇಪರ್‌ನಲ್ಲಿ ನಿಧಾನವಾಗಿ ಉಜ್ಜಿದೆವು. ನಡುವೆ ಆಳ, ಅಂಚಿಗೆ ಬರ್ತಾ ಕಡಿಮೆ. ಆಗ ಪದರಗಳು ಮರ ಕಡಿದಾಗ ಕಾಣೋ ಉಂಗುರಗಳ ಥರ ಒಂದರ ಸುತ್ತ ಒಂದು ಕಾಣಿಸ್ತವೆ. ನೀರು ಹಾಕಿಯೇ ಉಜ್ಜಬೇಕು, ಮಾಸ್ಕ್ ಬೇಕೇಬೇಕು. ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು, ಅದರ ಪುಡಿ ಉಸಿರಿಗೆ ಹೋಗಬಾರದು.

ನಮಗೆ ಕಂಡಿದ್ದು ಹೊರಗಿನಿಂದ ಒಳಕ್ಕೆ: ಸಿಲ್ವರ್, ನೀಲಿ, ಹಸಿರು ಬೆರೆತ ಬೂದು, ಕೆಂಪು. ನಮ್ಮಲ್ಲೊಬ್ಬ "ಕೆಂಪೇ ಒರಿಜಿನಲ್!" ಅಂತ ಕುಣಿದ. ಅಲ್ಲ. ಎರಕದ ಕಬ್ಬಿಣ ತೇವ ತಾಗಿದ್ರೆ ತುಕ್ಕು ಹಿಡಿಯುತ್ತೆ ಅಂತ ವಿಐಎಸ್‌ಎಲ್ ಇರೋ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಕೆಂಪು ರೆಡ್ ಆಕ್ಸೈಡ್ ಪ್ರೈಮರ್.

ಹಾಗಾದ್ರೆ ನೀಲಿಯೋ ಬೂದುವೋ? ಇಲ್ಲಿ ಕೊಳೆಯೇ ಸಾಕ್ಷಿ. 10 ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್‌ನಲ್ಲಿ ನೋಡಿದಾಗ ನೀಲಿಗೂ ಬೂದುಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು: ಎಣ್ಣೆ, ಮಸಿ. ಅಂದ್ರೆ ನೀಲಿ ಹೊಡೆಯೋ ಮೊದಲೇ ಇಂಜಿನ್ ಓಡಿತ್ತು. ಬೂದುಗೂ ಪ್ರೈಮರ್‌ಗೂ ನಡುವೆ ಏನೂ ಇರಲಿಲ್ಲ. ಡೈನಮೋ ಬ್ರಾಕೆಟ್ ಕೆಳಗೂ ಉಜ್ಜಿ ನೋಡಿದೆವು, ಅದೇ ಕ್ರಮ. ಒಂದೇ ಜಾಗ ನೋಡಿ ತೀರ್ಮಾನ ಮಾಡಬಾರದು. ಹಳೇ ಎನಾಮೆಲ್ ಬಿಸಿಲಲ್ಲಿ ಮಾಸುತ್ತೆ, ಕತ್ತಲಲ್ಲಿ ಸ್ವಲ್ಪ ಹಳದಿಗೆ ತಿರುಗುತ್ತೆ.

ಮ್ಯಾಚಿಂಗ್‌ಗೆ ಮೊಬೈಲ್ ಫೋಟೋ ನಂಬಬೇಡಿ. ಕ್ಯಾಮೆರಾ ತನಗೆ ಬೇಕಾದ ಹಾಗೆ ಬಣ್ಣ ಬದಲಾಯಿಸುತ್ತೆ. ನಮ್ಮ ದೇಶದಲ್ಲಿ ಪೇಂಟ್ ಬಣ್ಣಗಳಿಗೆ ಐಎಸ್ 5 ಅನ್ನೋ ಮಾನದಂಡ ಇದೆ, ಒಂದೊಂದು ಬಣ್ಣಕ್ಕೂ ಒಂದು ನಂಬರ್: 537 ಸಿಗ್ನಲ್ ರೆಡ್, 632 ಡಾರ್ಕ್ ಅಡ್ಮಿರಾಲ್ಟಿ ಗ್ರೇ. ಆ ಕಾರ್ಡ್ ಪಕ್ಕದಲ್ಲಿಟ್ಟು ಹತ್ತಿರದ್ದು ಆರಿಸಿ, ಅಲ್ಲಿಂದ ಪೇಂಟ್ ಬೆರೆಸುವವರ ಹತ್ತಿರ ತಿದ್ದಿಸಬಹುದು. ಸ್ಪೆಕ್ಟ್ರೋಫೋಟೋಮೀಟರ್ ಸಿಕ್ಕಿದರೆ ಇನ್ನೂ ಒಳ್ಳೇದು: ಎರಡು ಬಣ್ಣಗಳ ವ್ಯತ್ಯಾಸವನ್ನ ಅದು 'ಡೆಲ್ಟಾ ಇ' ಅಂತ ಸಂಖ್ಯೆಯಲ್ಲಿ ಕೊಡುತ್ತೆ. 1ರ ಆಸುಪಾಸು ಬಂದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದೇ ಕಷ್ಟ.

ನಮ್ಮ ಮೊದಲ ಸ್ಯಾಂಪಲ್ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕರೆಕ್ಟಾಗಿತ್ತು, ಶೆಡ್ ಹೊರಗೆ ತಂದರೆ ಹಸಿರು ಜಾಸ್ತಿ. ಪಿಗ್ಮೆಂಟ್ ಬೇರೆಯಾದರೆ ಹೀಗಾಗುತ್ತೆ, ಮೆಟಾಮೆರಿಸಂ ಅಂತಾರೆ. ಎರಡನೇ ಸಲ ಬಿಸಿಲಲ್ಲೇ ಹೋಲಿಸಿ ತಂದೆವು. ತಗಡಿಗೆ ಬಳಿದು ಅಜ್ಜನ ಕೈಗೆ ಕೊಟ್ಟಾಗ ಬಹಳ ಹೊತ್ತು ತಿರುಗಿಸಿ ನೋಡಿ, "ಇಷ್ಟು ಹೊಳಪು ಇರ್ಲಿಲ್ಲ ಕಣ್ರೋ" ಅಂದರು. ಬಣ್ಣದ ಬಗ್ಗೆ ತಕರಾರು ಎತ್ತಲಿಲ್ಲ.

ಹೊಳಪು ಕಡಿಮೆ ಮಾಡಿಸಿ ಬ್ಲಾಕ್‌ಗೆ ಹೊಡೆದಾಯ್ತು. ಸ್ಟಾರ್ಟರ್ ಹಿಂದೆ ಉಜ್ಜಿದ ಆ ರೂಪಾಯಿ ಅಗಲದ ಜಾಗಕ್ಕೆ ಮಾತ್ರ ಟೇಪ್ ಅಂಟಿಸಿ, ಹೊಸ ಪೇಂಟ್ ತಾಗದ ಹಾಗೆ ಬಿಟ್ಟಿದ್ದೀವಿ.