ಅಜ್ಜಿಯ ಸಾರಿಗೆ ಉಪ್ಪು ಹೆಚ್ಚಾದಾಗ

ದೀಪಾವಳಿಗೆ ಎರಡು ದಿನ ಇರುವಾಗ ಶಿವಮೊಗ್ಗದಿಂದ ಸಾಗರದ ಕಡೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರು, ಮೈಸೂರು, ದಾವಣಗೆರೆಯ ಹಾಸ್ಟೆಲುಗಳಿಂದ ಬಂದ ಹುಡುಗ ಹುಡುಗಿಯರು ಬಟ್ಟೆಯ ಬ್ಯಾಗು ಹೊತ್ತು, ಆಯನೂರು ದಾಟಿ, ಕುಂಸಿಯಲ್ಲಿ ಇಳಿಯುತ್ತಾರೆ. ಮನೆಯ ಜಗುಲಿಯಲ್ಲಿ ಅಜ್ಜಿ ಕಾದು ಕುಳಿತಿರುತ್ತಾಳೆ.

ಹಾಗೆ ಬಂದ ಮೊಮ್ಮಗಳೊಬ್ಬಳು ಊಟಕ್ಕೆ ಕುಳಿತಳು ಎಂದುಕೊಳ್ಳೋಣ. ಸಾರಿಗೆ ಉಪ್ಪು ಎರಡು ಪಾಲು ಬಿದ್ದಿದೆ. ಅಪ್ಪ ಮಾತಾಡದೆ ಮಜ್ಜಿಗೆ ಸುರಿದುಕೊಂಡರು. ಅಮ್ಮ ಮೆಲ್ಲಗೆ, 'ವಯಸ್ಸಾಯಿತಲ್ಲ, ಬಿಡು' ಎಂದರು. ಮೊಮ್ಮಗಳು ಕೈ ತೊಳೆಯಲು ಹೋದಾಗ, ತಳ ಹಿಡಿದು ಕರಕಲಾದ ಹಾಲಿನ ಪಾತ್ರೆಯೊಂದು ಕಟ್ಟಿಗೆಯ ಹಿಂದೆ ಬಚ್ಚಿಟ್ಟಂತೆ ಇರುವುದು ಕಂಡಿತು. ಬಚ್ಚಲಿನ ಗೋಡೆಯ ಮೇಲೆ, ಬಾಗಿಲಿನಿಂದ ಹಂಡೆಯವರೆಗೆ, ಅಂಗೈಯ ಗುರುತು ಸಾಲಾಗಿ ಮೂಡಿತ್ತು. ಅಜ್ಜಿ ಗೋಡೆ ಹಿಡಿಯದೆ ನಡೆಯುತ್ತಿಲ್ಲ!

ವಯಸ್ಸಾಯಿತು ಎಂಬುದು ನಿಜ. ಆದರೆ ಅದು ಉತ್ತರವಲ್ಲ. ಅಜ್ಜಿಗೆ ಈಗ ಮನೆಯಲ್ಲಿ ಯಾವ ನೆರವು ಬೇಕು ಎಂಬುದೇ ಕೇಳಬೇಕಾದ ಪ್ರಶ್ನೆ.

ಜೊತೆಗಿದ್ದವರಿಗೆ ಕಾಣದ್ದು

ದಿನವೂ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ. ಅದು ಎಳ್ಳಷ್ಟೆಳ್ಳಷ್ಟೇ ಬರುತ್ತದೆ. ಮೂರು ತಿಂಗಳ ನಂತರ ಬಂದ ಮಗುವಿನ ಕಣ್ಣಿಗೆ ಅದು ಥಟ್ಟನೆ ಬೀಳುತ್ತದೆ. ಆದ್ದರಿಂದಲೇ ಹಾಸ್ಟೆಲಿನಿಂದ ಬರುವ ವಿದ್ಯಾರ್ಥಿಗಳು ಈ ವಿಷಯದಲ್ಲಿ ತಂದೆತಾಯಿಯರಿಗಿಂತ ಮುಂದೆ. ಮಕ್ಕಳು ಏನಾದರೂ ಹೇಳಿದಾಗ, 'ನಿನಗೇನು ಗೊತ್ತು, ಸುಮ್ಮನಿರು' ಎಂದು ಗದರಿಸದೆ ಕಿವಿಗೊಡುವುದು ಹಿರಿಯರಿಗೆ ಒಳ್ಳೆಯದು.

ಇನ್ನೊಂದು ಕಾರಣವೂ ಇದೆ. ವಯಸ್ಸಾದವರು ತಮ್ಮ ಕಷ್ಟವನ್ನು ಮುಚ್ಚಿಡುತ್ತಾರೆ. ಮಕ್ಕಳಿಗೆ ಹೊರೆಯಾದೇನೆಂಬ ಅಳುಕು, ಅಡುಗೆಮನೆ ತನ್ನ ಕೈತಪ್ಪೀತೆಂಬ ಭಯ. ಕರಕಲು ಪಾತ್ರೆ ಕಟ್ಟಿಗೆಯ ಹಿಂದೆ ಸೇರುವುದು ಹೀಗೆ.

ಎಲ್ಲೆಲ್ಲಿ ಗಮನಿಸಬೇಕು?

ಮಾತ್ರೆಗಳಿಂದ ಪ್ರಾರಂಭಿಸಬಹುದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯ ಹಾಳೆಯಲ್ಲಿ ಉಳಿದದ್ದನ್ನು ಎಣಿಸಿ. ಹೆಚ್ಚು ಉಳಿದಿದ್ದರೆ ಮರೆಯುತ್ತಿದ್ದಾರೆ. ಬೇಗ ಖಾಲಿಯಾಗಿದ್ದರೆ ಎರಡೆರಡು ಸಲ ನುಂಗುತ್ತಿರಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ.

ಮೈಯನ್ನು ಗಮನಿಸಿ. ರವಿಕೆ ಅಥವಾ ಅಂಗಿ ಸಡಿಲವಾಗಿದೆಯೆ? ಒಂದೇ ಸೀರೆ ಎರಡು ಮೂರು ದಿನ ಮೈಮೇಲಿದೆಯೆ? ಕೈಕಾಲಿನ ಮೇಲೆ ಕಾರಣ ಹೇಳದ ನೀಲಿಗಟ್ಟಿದ ಗುರುತುಗಳಿವೆಯೆ?

ನಡಿಗೆ ನೋಡಲು ವೈದ್ಯರು ಬಳಸುವ ಸರಳ ಪರೀಕ್ಷೆಯೊಂದಿದೆ. ಕುರ್ಚಿಯಿಂದ ಎದ್ದು, 3 ಮೀಟರು ಎಂದಿನಂತೆ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ, ಬೀಳುವ ಸಂಭವ ಹೆಚ್ಚು ಎಂದರ್ಥ. ಗಡಿಯಾರವಿದ್ದರೆ ಸಾಕು. ಆಸರೆಗೆ ಒಬ್ಬರು ಪಕ್ಕದಲ್ಲೇ ಇರಬೇಕು.

ಹಣದ ಲೆಕ್ಕವೂ ಸುಳಿವು ಕೊಡುತ್ತದೆ. ಕಟ್ಟದೆ ಉಳಿದ ಕರೆಂಟು ಬಿಲ್ಲು, ಒಂದೇ ಸಾಮಾನನ್ನು ಮತ್ತೆ ಮತ್ತೆ ತರಿಸುವುದು, ಪಿಂಚಣಿ ತಂದದ್ದೇ ನೆನಪಿಲ್ಲದಿರುವುದು. ಟಿ.ವಿ. ಸದ್ದು ಬೀದಿಗೆ ಕೇಳುವಷ್ಟಿದ್ದರೆ ಕಿವಿ ಮಂದವಾಗಿದೆ. ಕಿವಿ ಕೇಳದ್ದನ್ನೇ ಮನೆಮಂದಿ ಮರೆವು ಎಂದು ತಿಳಿಯುವುದುಂಟು. ಹಾಗೆಯೇ ಉಪ್ಪು ಹೆಚ್ಚಾಗಲು ಮರೆವೇ ಕಾರಣವಾಗಬೇಕಿಲ್ಲ. ನಾಲಿಗೆಯ ರುಚಿ ಕುಂದಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು.

ಮರೆವು ಎಲ್ಲ ಒಂದೇ ಅಲ್ಲ

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಾಮಾನ್ಯ. ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪುವುದು, ಐವತ್ತು ವರ್ಷ ಮಾಡಿದ ಅಡುಗೆಯ ಕ್ರಮ ಮರೆಯುವುದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುವುದು ಸಾಮಾನ್ಯವಲ್ಲ. ಇದು ಡಿಮೆನ್ಶಿಯಾ, ಅಂದರೆ ಮಿದುಳಿನ ಕಾಯಿಲೆಯಿಂದ ಬರುವ ಮರೆವು ಇರಬಹುದು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು.

ಆದರೆ ಮನೆಯವರೇ ತೀರ್ಪು ಕೊಡಬಾರದು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಇನ್ನು, ನಿನ್ನೆ ಸರಿಯಿದ್ದವರು ಇಂದು ಏನೇನೋ ಬಡಬಡಿಸತೊಡಗಿದರೆ ಅದು ವಯಸ್ಸಿನ ಮರೆವಲ್ಲ. ಮೂತ್ರದ ಸೋಂಕು, ಮೈಯಲ್ಲಿ ನೀರು ಅಥವಾ ಉಪ್ಪಿನಂಶ ಇಳಿದಿರುವುದು, ಹೊಸ ಔಷಧಿಯ ಪರಿಣಾಮ ಇರಬಹುದು. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತರೆ ಅದು ಲಕ್ವ. ಈ ಎರಡರಲ್ಲೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಕಸಿದುಕೊಳ್ಳುವುದು ನೆರವಲ್ಲ

'ಇನ್ನು ಮೇಲೆ ನೀನು ಒಲೆಯ ಹತ್ತಿರ ಬರಬೇಡ' ಎಂದುಬಿಟ್ಟರೆ ಅಜ್ಜಿಗೆ ಉಳಿಯುವುದೇನು? ಎಷ್ಟು ಬೇಕೋ ಅಷ್ಟೇ ನೆರವು ಕೊಡಬೇಕು. ಉಪ್ಪು ನೋಡಲು ಇನ್ನೊಬ್ಬರು ನಿಂತರೆ ಸಾರು ಅಜ್ಜಿಯದೇ ಆಗಿರುತ್ತದೆ.

ಮನೆಯನ್ನೂ ತಿದ್ದಬಹುದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲು ಕತ್ತಲೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಬೆಳೆದು ಜಾರುತ್ತದೆ. ಹಿಂದಿನವರು ಅಡಿಕೆ ಸೋಗೆ ಹಾಸುತ್ತಿದ್ದುದು ಅದಕ್ಕೇ. ಬಚ್ಚಲಿಗೆ ಒಂದು ದೀಪ, ಗೋಡೆಗೆ ಗಟ್ಟಿಯಾದ ಹಿಡಿಕೆ, ಕೂತು ಸ್ನಾನ ಮಾಡಲು ಅಲ್ಲಾಡದ ಒಂದು ಸ್ಟೂಲು ಇದ್ದರೆ ತೊಡೆಯ ಮೂಳೆ ಮುರಿಯುವುದು ತಪ್ಪೀತು. ಇವಕ್ಕೆ ಹೆಚ್ಚು ಖರ್ಚಿಲ್ಲ. ಮಾತ್ರೆಗಳನ್ನು ವಾರದ ಏಳು ಡಬ್ಬಿಗಳಲ್ಲಿ ಹಾಕಿಡುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳೂ ಮಾಡಬಹುದು. ಒಮ್ಮೆ ದೊಡ್ಡವರು ಸರಿನೋಡಿದರಾಯಿತು.

ಯಾರನ್ನು ಕೇಳಬೇಕು?

ಮೊದಲು ಹತ್ತಿರದ ವೈದ್ಯರು ಮತ್ತು ಊರಿನ ಆಶಾ ಕಾರ್ಯಕರ್ತೆ. ಹೆಚ್ಚಿನ ತಪಾಸಣೆಗೆ, ಸುಮಾರು 25 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಮೆಗ್ಗಾನ್ ಆಸ್ಪತ್ರೆಯಿದೆ. ಹೋಗುವಾಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನೀವು ಕಂಡದ್ದನ್ನು ದಿನಾಂಕದೊಂದಿಗೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ 14567.

ಕಾನೂನೂ ಒಂದಿದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಡಿ, ನೋಡಿಕೊಳ್ಳದ ಮಕ್ಕಳ ಮೇಲೆ ಹಿರಿಯರು ಉಪವಿಭಾಗಾಧಿಕಾರಿಯ ಮುಂದೆ ದೂರಬಹುದು. ಆ ಕಾಯ್ದೆಯಲ್ಲಿ 'ಮಕ್ಕಳು' ಎಂಬ ಮಾತಿನೊಳಗೆ ವಯಸ್ಕ ಮೊಮ್ಮಗ, ಮೊಮ್ಮಗಳೂ ಸೇರಿದ್ದಾರೆ. ಕಾಲೇಜು ಸೇರಿದವರು ಇದನ್ನು ತಿಳಿದಿರಬೇಕು. ಆದರೆ ಮಾತು ಕಾನೂನಿನವರೆಗೆ ಹೋಗುವ ಮೊದಲೇ ಮನೆಯೊಳಗೆ ಮುಗಿಯುವಂತಿದ್ದರೆ ಎಷ್ಟು ಚೆನ್ನ!

ಮಾತು ತೆಗೆಯುವುದು ಹೇಗೆಂಬ ಸಂಕೋಚ ಸಹಜ. ಎಲ್ಲರೂ ಕುಳಿತಿರುವಾಗ ತಪ್ಪು ಎತ್ತಿ ಆಡಬಾರದು. ಆ ಮೊಮ್ಮಗಳು ಮರುದಿನ ಬೆಳಿಗ್ಗೆ ಒಲೆಯ ಪಕ್ಕದಲ್ಲಿ ಕುಳಿತು, 'ಅಜ್ಜೀ, ನನಗೂ ನಿನ್ನ ಹಾಗೆ ಸಾರು ಮಾಡೋದು ಹೇಳಿಕೊಡು, ಉಪ್ಪು ಮಾತ್ರ ನಾನು ಹಾಕ್ತೀನಿ' ಎನ್ನಲಿ. ನಿಧಾನವಾಗಿ ಅಜ್ಜಿಯೇ ಬಾಯಿ ಬಿಟ್ಟಾಳು: 'ಯಾಕೋ ಕಣೇ, ಈಚೆಗೆ ಕಣ್ಣೇ ಸರಿಯಾಗಿ ಕಾಣ್ತಿಲ್ಲ.' ಹಬ್ಬ ಮುಗಿದ ಮಾರನೆಯ ದಿನವೇ ಅಜ್ಜಿಯನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದರಾಯಿತು.