ಓದಿನ ಸಾಲ ಮನ್ನಾ ಆಗಲೆಂದು ಕಾಯಬೇಕೆ?



2018ರಲ್ಲಿ ರಾಜ್ಯ ಸರ್ಕಾರ ರೈತರ ಸಾಲ ಮನ್ನಾ ಘೋಷಿಸಿದಾಗಿನಿಂದ ಆರ್.ಟಿ. ನಗರ, ಹೆಬ್ಬಾಳದ ತಾಯಂದಿರು ನಮ್ಮನ್ನು ಕೇಳುವುದು ಒಂದೇ: "ಮೇಷ್ಟ್ರೇ, ಮಕ್ಕಳ 'ಅರಿವು' ಸಾಲವೂ ಮನ್ನಾ ಆಗುತ್ತಾ?"

ಅಮೆರಿಕದಲ್ಲಿ 2022ರಲ್ಲಿ ಅಧ್ಯಕ್ಷ ಬೈಡನ್ ವಿದ್ಯಾರ್ಥಿ ಸಾಲ ಮನ್ನಾ ಘೋಷಿಸಿದರು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕಾಲೇಜು ಮೆಟ್ಟಿಲು ಹತ್ತದವರ ತೆರಿಗೆಯಿಂದ ಪದವೀಧರರ ಸಾಲ ತೀರಿಸಬೇಕೆ ಎಂಬ ವಾದ ಅಲ್ಲಿ ಜೋರಾಗಿಯೇ ನಡೆಯಿತು. ನಮ್ಮಲ್ಲೂ ಅಷ್ಟೇ. ಎಲ್ಲರಿಗೂ ಮನ್ನಾ ಎಂದರೆ ಸಂಬಳ ಬರುವ ಎಂಜಿನಿಯರಿಗೂ ಮನ್ನಾ. ಪಿಯುಸಿಗೇ ಓದು ಬಿಟ್ಟು ಗ್ಯಾರೇಜು ಸೇರಿದ ಅವನ ತಮ್ಮನಿಗೆ ಏನೂ ಇಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಈ ಸಾಲಕ್ಕೆ ಸೇವಾ ಶುಲ್ಕ ಬರೀ ಶೇ. 2. ಬ್ಯಾಂಕಿನಲ್ಲಿ ಈ ದರಕ್ಕೆ ಯಾರು ಕೊಡುತ್ತಾರೆ?

ಆದರೆ ಓದು ಮುಗಿದರೂ ಕೆಲಸ ಸಿಗದವರ, ದುಡಿಯುವ ತಂದೆ ತೀರಿಕೊಂಡ ಮನೆಯವರ ಮಾತು ಬೇರೆ. ಜಕಾತ್‌ಗೆ ಅರ್ಹವಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ವಿದ್ಯಾರ್ಥಿವೇತನವೆಂದರೆ ಫೀಸು ಮಾತ್ರ ಎಂದುಕೊಂಡು ನಾವೇ ಅದನ್ನು ಮರೆತಿದ್ದೆವು. ಈ ವರ್ಷದಿಂದ ಅಂಥವರ ಅರ್ಜಿಯನ್ನೂ ತೆಗೆದುಕೊಳ್ಳುತ್ತೇವೆ. ಸಾಲದ ಪತ್ರ, ಬಾಕಿಯ ವಿವರ ತನ್ನಿ. ಕೆಲಸ ಸಿಕ್ಕವರು ದಯವಿಟ್ಟು ಕಂತು ನಿಲ್ಲಿಸಬೇಡಿ.